ಮೂರನೇ ತಿರುವಿನ ತೇವ

ಹದಿನೇಳು. ಆ ಸಂಖ್ಯೆ ಕಿವಿಗೆ ಬಿದ್ದರೆ ಸಾಕು, ಖದ್ದೂಜಾಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಸೀದಿ ಬೂಜನಾಹ್‌ ಊರಿನ ಕುದುರೆ ಪಂದ್ಯದ ಕಚೇರಿಯಲ್ಲಿ ಗೋಡೆಯ ಪರದೆಯ ಮೇಲೆ ಎಂಟು ಸಂಖ್ಯೆಗಳು ಇಡೀ ದಿನ ಮಿನುಗುತ್ತಿರುತ್ತವೆ. ಓಟದ ಹಾದಿಯ ಮರಳಿನಲ್ಲಿ ಎಂಟು ಕಡೆ ಗೇಣುದ್ದದ ಸೆನ್ಸರುಗಳನ್ನು ಹೂತಿದ್ದಾರೆ. ಪ್ರತಿಯೊಂದೂ ತನ್ನ ಸುತ್ತಲ ಮರಳಿನಲ್ಲಿ ನೂರಕ್ಕೆ ಎಷ್ಟು ಪಾಲು ನೀರಿದೆ ಎಂದು ಹೇಳುತ್ತದೆ. ಸಂಖ್ಯೆ ಹನ್ನೆರಡಕ್ಕಿಂತ ಕೆಳಗಿಳಿದರೆ ಚಾಲಕ ಬೂಆಝಾ ನೀರಿನ ಟ್ಯಾಂಕರ್ ಹೊರಡಿಸುತ್ತಾನೆ. ಮೇಲಿದ್ದರೆ ಕೂತು ಪುದೀನಾ ಚಹಾ ಕುಡಿಯುತ್ತಾನೆ. ಮೂರನೇ ತಿರುವಿನದು ಯಾವತ್ತು ನೋಡಿದರೂ ಹದಿನೇಳು. ಹಾಗಾಗಿ ಏಳು ವಾರಗಳಿಂದ ಆ ತಿರುವಿಗೆ ಒಂದು ಹನಿ ನೀರು ಬಿದ್ದಿಲ್ಲ. ಕಳೆದ ಭಾನುವಾರ ಹಮ್ಮಾದಿಯ ಕುದುರೆ ಅಲ್ಲೇ ಒಣ ಮರಳಲ್ಲಿ ಕಾಲು ಹೂತು ಮುಗ್ಗರಿಸಿತು. ಹಮ್ಮಾದಿ ಹಾರಿ ಬೇಲಿಗೆ ಬಡಿದು, ಹೆಗಲಿನ ಮೂಳೆ ಮುರಿದುಕೊಂಡ.

ಹಮ್ಮಾದಿ ಅವಳ ಸತ್ತ ಅಕ್ಕನ ಮಗ. ನಾಲ್ಕು ವರ್ಷದವನಿದ್ದಾಗ ಇವಳ ಲಾಯಕ್ಕೆ ಬಂದವನು, ಈಗ ಇಪ್ಪತ್ತಮೂರು. ಗಂಡ ತೀರಿಕೊಂಡ ಮೇಲೆ ಆರು ಕುದುರೆಗಳನ್ನು ಖದ್ದೂಜಾ ಒಬ್ಬಳೇ ಪಳಗಿಸುತ್ತಿದ್ದಾಳೆ. ಸವಾರಿ ಮಾಡುವವನು ಇವನೊಬ್ಬನೇ. ಸವಾರಿ ಬಿಟ್ಟು ಇವನಿಗೆ ಬೇರೇನೂ ಬರುವುದಿಲ್ಲ, ಬೇರೇನೂ ಬೇಕಾಗಿಯೂ ಇಲ್ಲ.

ಸೋಮವಾರ ಸಮಿತಿ ಸೇರಿತು. ಅಧ್ಯಕ್ಷ ಹಾಜ್ ತೈಬಿ ಬಿಳಿ ಜೆಲ್ಲಾಬ ನಿಲುವಂಗಿ ತೊಟ್ಟು, ಜಪಮಾಲೆ ತಿರುಗಿಸುತ್ತಾ ಪರದೆಯ ಕಡೆ ಕೈ ತೋರಿಸಿದರು.

"ನೋಡಮ್ಮ, ಹದಿನೇಳು ಅಂತಿದೆ. ನೆಲ ಸರಿಯಾಗಿತ್ತು. ಕುದುರೆ ಸರಿಯಾಗಿತ್ತು. ಸರಿ ಇಲ್ಲದೇ ಇದ್ದಿದ್ದು ಹುಡುಗ. ಒಂದು ವರ್ಷ ಲೈಸೆನ್ಸ್ ರದ್ದು. ಬುಧವಾರ ಸಹಿ ಹಾಕ್ತೀವಿ."

"ಹಾಜ್, ಆ ನೆಲ ಒಣಗಿ ಬೂದಿ ಆಗಿದೆ. ಒಂದ್ಸಲ ಬಂದು ಕಾಲಿಟ್ಟು ನೋಡಿ!"

"ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ," ಎಂದರು ಹಾಜ್. ಸಮಿತಿಯವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಖದ್ದೂಜಾ ಮೇಜಿನ ಮೇಲೆ ಅಂಗೈ ಬಡಿದ ಸದ್ದಿಗೆ ಚಹಾದ ಲೋಟಗಳು ಎಗರಿದವು. ನಗು ಮಾತ್ರ ನಿಲ್ಲಲಿಲ್ಲ.

ಅವಳಿಗೆ ಹೆಚ್ಚು ಉರಿದದ್ದು ಇನ್ನೊಂದಕ್ಕೆ. ಆ ಯಂತ್ರ ಬಂದದ್ದೇ ಅವಳಿಂದ. ಚಳಿಗಾಲದ ಕೊನೆಗೆ ಅವಳ ಬೂದು ಬಣ್ಣದ ಹೆಣ್ಣುಕುದುರೆ ಗಝಾಲಾ ಇದೇ ತಿರುವಿನಲ್ಲಿ ಮುಂಗಾಲು ಮುರಿದು ಬಿದ್ದಿತ್ತು. ಮೂಳೆ ಚರ್ಮ ಹರಿದು ಹೊರಬಂದು, ವೈದ್ಯ ಸೂಜಿ ಹಿಡಿದು ಬರುವಷ್ಟರಲ್ಲಿ ಮರಳೆಲ್ಲ ರಕ್ತ. ನೆಲ ಒಣಗಿತ್ತು, ನೆಲ ಒಣಗಿತ್ತು ಎಂದು ಖದ್ದೂಜಾ ಹತ್ತು ದಿನ ಕಚೇರಿಯ ಬಾಗಿಲಲ್ಲಿ ನಿಂತು ಕೂಗಿದಳು. ಅವಳ ಬಾಯಿ ಮುಚ್ಚಿಸಲೆಂದೇ ಸಮಿತಿ ಕರಾವಳಿಯಿಂದ ಇದ್ರೀಸ್ ಎಂಬ ಎಂಜಿನಿಯರನ್ನು ಕರೆಸಿತು. ಅವನು ಸೆನ್ಸರ್ ಹೂಳಲು ಬಂದಾಗ ಒಳಬೇಲಿಯ ಪಕ್ಕದ ಜಾಗ ತೋರಿಸಿದವಳೂ ಇವಳೇ. "ಇಲ್ಲೇ ಹಾಕು ಮಗನೇ. ಇಲ್ಲೇ ಅವಳು ಬಿದ್ದಿದ್ದು." ಅವನು ಅಲ್ಲೇ ಹೂತು, ಗುರುತಿಗೆ ಕೆಂಪು ಗೂಟ ನೆಟ್ಟ.

ಅಂದಿನಿಂದ ಅವಳು ಪ್ರತಿ ಗುರುವಾರ ಇಳಿಹೊತ್ತಿನ ಅಸರ್ ನಮಾಜಿನ ನಂತರ ಅಲ್ಲಿಗೆ ಹೋಗಿ, ಕೆಂಪು ಗೂಟದ ಬುಡಕ್ಕೆ ಒಂದು ಮುಷ್ಟಿ ಕಲ್ಲುಪ್ಪು ಎಸೆದು ಬರುತ್ತಾಳೆ. ಮರುದಿನ ಕುದುರೆಗಳ ಗೊರಸಿಗೆ ಅದು ಮರಳಲ್ಲಿ ಬೆರೆತುಹೋಗುತ್ತದೆ. ರಕ್ತ ಚೆಲ್ಲಿದ ನೆಲವನ್ನು ಹಾಗೇ ಬಿಡುವುದುಂಟೇ? ನೆಲದಡಿಯವರು, ಆ ಜಿನ್ನುಗಳು, ಮೂಸಿಕೊಂಡು ಬರುತ್ತಾರೆ, ಬಂದವರು ಹೋಗುವುದಿಲ್ಲ. ಉಪ್ಪಿದ್ದರೆ ಅವರು ಹತ್ತಿರ ಸುಳಿಯುವುದಿಲ್ಲ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ರಾತ್ರಿ ಬಾಗಿಲಿಗೆ ಅಗುಳಿ ಹಾಕಿದ್ದನ್ನು ಯಾರಾದರೂ ಹೇಳಿಕೊಂಡು ತಿರುಗುತ್ತಾರೆಯೇ? ಅದೂ ಅಲ್ಲದೆ ಹಾಜ್ ತೈಬಿ ಮೆಕ್ಕಾದಿಂದ ಬಂದಾಗಿನಿಂದ ಉಪ್ಪು, ಧೂಪ, ತಾಯಿತ ಎಂದವರ ಮೇಲೆಲ್ಲ ಹರಿಹಾಯುತ್ತಿದ್ದರು.

ಮಂಗಳವಾರ ಬೆಳಿಗ್ಗೆ ಅವಳು ತಿರುವಿಗೆ ಹೋದಾಗ ಅಪಘಾತದ ಸುದ್ದಿ ಕೇಳಿ ಕರಾವಳಿಯಿಂದ ಬಂದಿದ್ದ ಇದ್ರೀಸ್ ಗೂಟದ ಬಳಿ ಮಂಡಿಯೂರಿ ಕೂತಿದ್ದ. ನಿಂತ ನಿಲುವಿನಲ್ಲೇ ಅವನ ಮೇಲೆ ಬಿದ್ದಳು.

"ಏನಪ್ಪಾ, ನಿನ್ನ ಯಂತ್ರಕ್ಕೆ ಇವತ್ತೆಷ್ಟು ಬಾಯಾರಿಕೆ? ಹದಿನೇಳಾ?"

"ಹದಿನೇಳೂವರೆ, ಲಾಲ್ಲಾ," ಎಂದ, ಹಿರಿಯ ಹೆಂಗಸರನ್ನು ಕರೆಯುವ ಗೌರವದಿಂದಲೇ.

"ಹೊಟ್ಟೆ ತುಂಬ ನೀರು ಕುಡಿದಿದೆ ಪಾಪ!" ಬಗ್ಗಿ ಒಂದು ಹಿಡಿ ಮರಳೆತ್ತಿ, ಅವನ ಮೂಗಿನ ಮುಂದೆ ಮುಷ್ಟಿ ಬಿಗಿದು ಬಿಚ್ಚಿದಳು. ಮರಳು ಬೆರಳ ಸಂದಿಯಿಂದ ಸುರಿದುಹೋಯಿತು. "ಹದಿನೇಳಿದ್ರೆ ಉಂಡೆ ಆಗ್ಬೇಕಿತ್ತು. ಆಯ್ತಾ? ಅಂಗೈ ಹುಣ್ಣಿಗೆ ಕನ್ನಡಿ ಬೇಕೇನೋ?"

ಇದ್ರೀಸ್ ತಾನೂ ಒಂದು ಹಿಡಿ ಹಿಸುಕಿ ನೋಡಿದ. ಅದೂ ಸುರಿಯಿತು. ಅವನ ಮುಖ ಸಪ್ಪಗಾಯಿತು.

"ನಾನು ಪರೀಕ್ಷೆ ಮಾಡೇ ಹಾಕಿದ್ದು, ಲಾಲ್ಲಾ."

"ಎಲ್ಲಿ ಮಾಡಿದ್ದು?"

"ಗೆಲುವಿನ ಕಂಬದ ಹತ್ರ. ಮೂರು ವಾರ."

"ಕಚೇರಿ ಚಹಾ ಎಲ್ಲಿ ಸಿಗುತ್ತೋ ಅಲ್ಲಿ! ಇಲ್ಲಿ ತನಕ ಎಂಟುನೂರು ಹೆಜ್ಜೆ ನಡೆಯೋಕೆ ಕಾಲು ನೋವಾ ನಿಂಗೆ? ನನ್ನ ಹುಡುಗನ ಹೆಗಲು ಮುರಿದು ಬಿದ್ದಿದೆ ಕಣೋ!"

ಅವನು ಗೆಲುವಿನ ಕಂಬದ ಬಳಿಯ ಸೆನ್ಸರನ್ನು ಕಿತ್ತು ತಂದು, ಕೆಂಪು ಗೂಟದ ಬುಡದಲ್ಲಿ ಹೂತ. ಅದೂ ಹದಿನೇಳು ಎಂದಿತು. ಇಲ್ಲಿನದನ್ನು ಅಲ್ಲಿ ಹೂತ. ಅಲ್ಲಿ ಅದು ಹದಿಮೂರು ಎಂದು ಸರಿಯಾಗಿಯೇ ಹೇಳಿತು. ಸೆನ್ಸರ್ ಕೆಟ್ಟಿರಲಿಲ್ಲ. ಹಾಗಿದ್ದರೆ ಕೆಟ್ಟದ್ದೇನು?

"ಇನ್ನೊಂದೇ ದಾರಿ," ಎಂದ. "ಮರಳು ತೂಗಿ, ಬಿಸಿಯಲ್ಲಿಟ್ಟು ನೀರೆಲ್ಲಾ ಆರಿಸಿ, ಮತ್ತೆ ತೂಗ್ಬೇಕು. ಎಷ್ಟು ತೂಕ ಇಳಿಯುತ್ತೋ ಅಷ್ಟೇ ನೀರು. ಅದು ಸುಳ್ಳು ಹೇಳಲ್ಲ. ಆದ್ರೆ ಒಲೆ ನನ್ನ ಲ್ಯಾಬಿನಲ್ಲಿದೆ, ಹೋಗಿಬರೋಕೆ ಎರಡು ದಿನ."

"ಒಲೆ ತಾನೇ? ಬಾ."

ಎಂಟು ಸಾರ್ಡೀನ್ ಡಬ್ಬಿಗಳಲ್ಲಿ ಎಂಟು ಜಾಗದ ಮರಳು ತುಂಬಿಕೊಂಡು ಇಬ್ಬರೂ ಬೀದಿಯ ರೊಟ್ಟಿ ಒಲೆಗೆ ಹೋದರು. ಮನೆಮನೆಯ ಹಿಟ್ಟಿನ ಮುದ್ದೆಗಳನ್ನು ಬೇಯಿಸಿಕೊಡುವ ಅಲ್ಲಾಲ್ ಡಬ್ಬಿಗಳನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟ.

"ರೊಟ್ಟಿ ಬೇಯ್ಸಿದ್ದೀನಿ, ಮೀನು ಬೇಯ್ಸಿದ್ದೀನಿ, ಹಬ್ಬಕ್ಕೆ ಕುರಿ ತಲೆ ಹದಿನಾಲ್ಕು ಬೇಯ್ಸಿದ್ದೀನಿ. ಮಣ್ಣು ಬೇಯ್ಸು ಅಂತ ಇದೇ ಮೊದಲು. ಉಪ್ಪು ಖಾರ ಎಲ್ಲಾ ಹಾಕಿದೀರೋ, ನಾನೇ ಹಾಕ್ಲೋ?"

"ನಿನ್ನ ತಲೆ ಹಾಕು," ಎಂದಳು ಖದ್ದೂಜಾ. ಕಡೆಯ ರೊಟ್ಟಿ ಹೊರಬಂದ ಮೇಲೆ, ಆರುತ್ತಿರುವ ಒಲೆಯೊಳಗೆ ಡಬ್ಬಿಗಳು ಸಾಲಾಗಿ ಕೂತವು.

ಬುಧವಾರ ಬೆಳಿಗ್ಗೆ ಇದ್ರೀಸ್ ತನ್ನ ಪುಟ್ಟ ತಕ್ಕಡಿಯಲ್ಲಿ ಒಂದೊಂದಾಗಿ ತೂಗಿದ. ಏಳು ಡಬ್ಬಿಗಳು ಯಂತ್ರ ಹೇಳಿದ್ದನ್ನೇ ಹೇಳಿದವು. ಮೂರನೇ ತಿರುವಿನದು ಮಾತ್ರ ಐದು. ಯಂತ್ರ ಹದಿನೇಳು ಎಂದ ಕಡೆ ನಿಜಕ್ಕೂ ಇದ್ದದ್ದು ಐದು.

ಖದ್ದೂಜಾ ಹಿಟ್ಟು ಹಿಡಿದು ನಿಂತ ಹೆಂಗಸರ ನಡುವೆಯೇ ನಾಲಿಗೆ ಆಡಿಸಿ ಮದುವೆಯ ಕೇಕೆ ಹಾಕಿದಳು. "ಕೇಳಿದ್ರಾ? ಐದಂತೆ! ಆ ಮುದಿ ಗೂಬೆ ಜಪಮಾಲೆ ಹರಿದು ಎಸೀಬೇಕು ಇವತ್ತು!"

ಇದ್ರೀಸ್ ಅವಳ ಸಂಭ್ರಮಕ್ಕೆ ತಲೆಯೆತ್ತಲಿಲ್ಲ. ಡಬ್ಬಿಯ ಅಂಚಿನಲ್ಲಿ ಬಿಳಿಯ ಹಕ್ಕಳೆಯೊಂದು ಅಂಟಿತ್ತು. ಅವನು ಅದನ್ನು ಉಗುರಿನಿಂದ ಕೆರೆದು ನಾಲಿಗೆಗೆ ಹಚ್ಚಿಕೊಂಡ. ಉಳಿದ ಏಳನ್ನೂ ನೆಕ್ಕಿ ನೋಡಿದ. ಮತ್ತೆ ಮೂರನೆಯದಕ್ಕೆ ಬಂದ.

"ಲಾಲ್ಲಾ, ಇದು ಉಪ್ಪು. ಬರೀ ಉಪ್ಪು. ಉಪ್ಪು ಸೇರಿದ ಮರಳು ಒಣಗಿದ್ರೂ ಈ ಸೆನ್ಸರಿಗೆ ಒದ್ದೆ ಥರಾನೇ ಕಾಣುತ್ತೆ. ಅಲ್ಲಿಗೆ ಉಪ್ಪು ಎಲ್ಲಿಂದ ಬಂತು?"

ಅವಳು ಎರಡು ದಿನದಿಂದ ಹೊತ್ತು ತಿರುಗಿದ ಸಿಟ್ಟು ಇಳಿಸಲು ಜಾಗ ಸಿಗದೆ ಎದೆಯಲ್ಲೇ ಸುತ್ತತೊಡಗಿತು. ಏಳು ಗುರುವಾರ. ಏಳು ಮುಷ್ಟಿ. ಹಮ್ಮಾದಿಯ ಮೂಳೆ ಮುರಿದದ್ದು ತನ್ನ ಈ ಕೈ.

"ನಾನೇ. ಗುರುವಾರಕ್ಕೊಂದು ಮುಷ್ಟಿ, ಏಳು ಮುಷ್ಟಿ," ಎಂದಳು. ಹೇಳಿದ್ದೇ ತಡ, ಇದ್ರೀಸನ ಮೇಲೆ ಎಗರಿದಳು. "ನೀನು ಕೇಳಿದ್ಯಾ? ಆ ನೆಲಕ್ಕೆ ಯಾರು ಬರ್ತಾರೆ, ಏನು ಹಾಕ್ತಾರೆ, ಯಾಕೆ ಹಾಕ್ತಾರೆ ಅಂತ ಒಬ್ಬರನ್ನಾದ್ರೂ ಕೇಳಿದ್ಯಾ? ರಕ್ತ ಬಿದ್ದ ಜಾಗ ಇದು ಅಂತ ನಾನೇ ಹೇಳಿದ್ನಲ್ಲೋ! ರಕ್ತ ಬಿದ್ದ ಜಾಗಕ್ಕೆ ಉಪ್ಪು ಬೀಳುತ್ತೆ ಅಂತ ನಿಮ್ಮಜ್ಜಿ ನಿಂಗೆ ಹೇಳಿರ್ಲಿಲ್ವಾ?"

"ಹೇಳಿದ್ರು," ಎಂದ ಇದ್ರೀಸ್ ಮೆಲ್ಲಗೆ. "ನಂಗೆ ಹೊಳೀಲಿಲ್ಲ." ಆಮೇಲೆ ಡಬ್ಬಿಯನ್ನು ಕೈಯಲ್ಲಿ ತಿರುಗಿಸುತ್ತಾ ಹೇಳಿದ, "ಆದ್ರೆ ಲಾಲ್ಲಾ, ಏಳು ಮುಷ್ಟಿ ಅಂದ್ರೆ ಒಂದು ಕಿಲೋ ಆಗುತ್ತೆ. ಅಲ್ಲಿ ಏನಿಲ್ಲ ಅಂದ್ರೂ ಇಪ್ಪತ್ತು ಕಿಲೋ ಇರ್ಬೇಕು."

ಆ ಮಾತು ಅವಳ ಕಿವಿಗೆ ಬೀಳಲಿಲ್ಲ.

ಮಧ್ಯಾಹ್ನ ಸಮಿತಿಯ ಮುಂದೆ ಅವಳು ನಿಂತೇ ಹೇಳಿದಳು. ತನ್ನನ್ನು ನೋಡಿ ನಗುವ ಒಂಬತ್ತು ಗಂಡಸರ ಮುಂದೆ, ಗುರುವಾರ, ಮುಷ್ಟಿ, ಉಪ್ಪು, ಎಲ್ಲವನ್ನೂ ಹೇಳಿದಳು. "ತಪ್ಪು ನಂದು. ಹುಡುಗಂದಲ್ಲ. ಶಿಕ್ಷೆ ನಂಗೆ ಕೊಡಿ, ಅವನ ಲೈಸೆನ್ಸ್ ಅವನಿಗೆ ಬಿಡಿ." ಹೀಗೆ ಬೇಡಿಕೊಂಡ ಅಭ್ಯಾಸ ಅವಳಿಗಿರಲಿಲ್ಲ.

ಉಪ್ಪು ಎಂದಾಗ ಬಾಗಿಲ ಬಳಿ ನಿಂತಿದ್ದ ಬೂಆಝಾ ತನ್ನ ಬೂಟು ನೋಡಿಕೊಂಡ. ಬರೆಯುತ್ತಿದ್ದ ಕಾರ್ಯದರ್ಶಿಯ ಪೆನ್ನು ನಿಂತಿತು. ಹಾಜ್ ತೈಬಿಯ ಬೆರಳಲ್ಲಿ ಮಣಿಯೊಂದು ತಡೆಯಿತು, ಮತ್ತೆ ಉರುಳಿತು.

"ಅಸ್ತಗ್‌ಫಿರುಲ್ಲಾ, ದೇವರು ಕ್ಷಮಿಸಲಿ," ಎಂದರು ಹಾಜ್. "ಯಾವ ಕಾಲದಲ್ಲಿದ್ದೀಯಮ್ಮಾ ನೀನು? ಇವೆಲ್ಲಾ ಧರ್ಮದಲ್ಲಿದ್ಯಾ? ಸರಿ, ಎಂಜಿನಿಯರ್ ಹೇಳ್ಲಿ. ಇವಳ ಒಂದು ಮುಷ್ಟಿ ಉಪ್ಪಿಗೆ ಯಂತ್ರ ಹೀಗೆ ಕೆಡುತ್ತಾ?"

ಇದ್ರೀಸ್ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಇವರೊಬ್ಬರದ್ದೇ ಆದ್ರೆ ಸಾಲಲ್ಲ, ಹಾಜ್. ಇಪ್ಪತ್ತು ಕಿಲೋ ಬೇಕು. ಆದ್ರೆ ಉಪ್ಪು ಅಲ್ಲಿರೋದಂತೂ ನಿಜ..."

"ಸಾಲಲ್ಲ! ಕೇಳಿದ್ರಾ?" ಹಾಜ್ ಕೈ ಎತ್ತಿದರು. "ಹುಡುಗನ್ನ ಉಳಿಸ್ಕೊಳ್ಳೋಕೆ ಕತೆ ಕಟ್ಟಿದ್ದಾಳೆ. ಒಂದು ವರ್ಷ ಅಂದ್ರೆ ಒಂದು ವರ್ಷ." ಒಳಗಿದ್ದವರೂ ಬಾಗಿಲಲ್ಲಿ ಇಣುಕುತ್ತಿದ್ದ ಮೈದಾನದ ಕೆಲಸದವರೂ ನಕ್ಕರು. ಕಾರ್ಯದರ್ಶಿ ಗಟ್ಟಿಯಾಗಿ ಹೇಳಿಕೊಳ್ಳುತ್ತಾ ಬರೆದ: ಅವಿದ್ಯಾವಂತ ಹೆಂಗಸೊಬ್ಬಳ ಮೂಢನಂಬಿಕೆ, ಸಮಿತಿ ತಿರಸ್ಕರಿಸಿದೆ.

ಮಾನವೂ ಹೋಯಿತು, ಲೈಸೆನ್ಸೂ ಹೋಯಿತು. ಖದ್ದೂಜಾ ಹೊರಗೆ ಬಂದು ಕಚೇರಿಯ ಮೆಟ್ಟಿಲ ಮೇಲೆ ಕೂತಳು. ಒಳಗಿನ ಮಾತುಗಳು ಒಂದೊಂದಾಗಿ ಮರಳಿ ಬಂದವು. ಬೂಆಝಾನ ಬೂಟು. ನಿಂತ ಪೆನ್ನು. ತಡೆದ ಮಣಿ. ಇಪ್ಪತ್ತು ಕಿಲೋ. ಅವಳು ಎದ್ದು, ಕಾರಿಗೆ ಸಾಮಾನು ತುಂಬುತ್ತಿದ್ದ ಇದ್ರೀಸನ ಕೈಯಿಂದ ಚೀಲ ಕಿತ್ತುಕೊಂಡಳು.

"ನಾಳೆ ಗುರುವಾರ. ನೀನು ಎಲ್ಲೂ ಹೋಗಲ್ಲ."

ಗುರುವಾರ ಅಸರ್ ಬಾಂಗಿಗೆ ಮೊದಲೇ ಇಬ್ಬರೂ ತಿರುವಿನ ಬದಿಗೆ ನಿಲ್ಲಿಸಿದ್ದ ಟ್ಯಾಂಕರಿನ ಹಿಂದೆ ಕೂತರು. ಬಾಂಗು ಮುಗಿದು ಸ್ವಲ್ಪ ಹೊತ್ತಿಗೆ ಬೂಆಝಾ ಬಂದ. ಆ ಕಡೆ ಈ ಕಡೆ ನೋಡಿ, ಟೊಪ್ಪಿಯೊಳಗಿಂದ ಎರಡು ಮುಷ್ಟಿ ಉಪ್ಪು ತೆಗೆದು ಕೆಂಪು ಗೂಟದ ಬುಡಕ್ಕೆ ಎಸೆದ. ಖದ್ದೂಜಾ ಎದ್ದು ಅವನ ಕಿವಿ ಹಿಡಿದಳು.

"ಅಯ್ಯೋ ಖಾಲ್ತಿ, ಚಿಕ್ಕಮ್ಮಾ, ಬಿಡಿ! ನಾನು ದಿನಾ ಇಲ್ಲಿ ಟ್ಯಾಂಕರ್ ಓಡಿಸ್ಬೇಕು. ಕೆಳಗಿನೋರು ಚಕ್ರ ಹಿಡ್ಕೊಂಡ್ರೆ ನಂಗ್ಯಾರು ದಿಕ್ಕು?"

"ನೀರು ಹಾಕು ಅಂದ್ರೆ ಯಂತ್ರ ಬೇಡ ಅಂತಿದೆ ಅಂತೀಯ. ಉಪ್ಪು ಹಾಕು ಅಂತಲೂ ಯಂತ್ರನೇ ಹೇಳ್ತಾ? ಬಾ, ಕೂತ್ಕೋ ಹಿಂದೆ. ಉಸಿರು ಬಿಟ್ರೆ ನೋಡು."

ಆಮೇಲೆ ಬಂದವರು ಬೇರೆ ಲಾಯದ ಇಬ್ಬರು ಕುದುರೆ ಆಳುಗಳು, ಬೇರೆ ಬೇರೆಯಾಗಿ, ಒಬ್ಬರಿಗೊಬ್ಬರು ಗೊತ್ತಿಲ್ಲದಂತೆ. ಆಮೇಲೆ ಟಿಕೆಟ್ ಹರಿಯುವವನು. ಆಮೇಲೆ ಕುದುರೆ ವೈದ್ಯ, ಮೂಗಿಗೆ ಕರವಸ್ತ್ರ ಹಿಡಿದುಕೊಂಡು, ಆ ಕರವಸ್ತ್ರದಲ್ಲೇ ಉಪ್ಪು. ಕಡೆಗೆ ಕಾರ್ಯದರ್ಶಿ, ಕಾಗದದ ಪೊಟ್ಟಣ ಹಿಡಿದು. ಖದ್ದೂಜಾ ಪ್ರತಿಯೊಬ್ಬನನ್ನೂ ಎಳೆದು ತಂದು ಟ್ಯಾಂಕರಿನ ಹಿಂದೆ ಕೂರಿಸಿದಳು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅವಳ ಸಿಟ್ಟು ಮಾತ್ರ ಹೊಸ ತಲೆ ಕಂಡಾಗಲೆಲ್ಲ ಏರುತ್ತಿತ್ತು. ನಿನ್ನೆ ಇವರೇ ತಾನೇ ನಕ್ಕದ್ದು? ಇವನೇ ತಾನೇ ಅವಿದ್ಯಾವಂತ ಹೆಂಗಸು ಎಂದು ಬರೆದದ್ದು?

ಬಿಸಿಲು ಬಾಗುವ ಹೊತ್ತಿಗೆ ಹಾಜ್ ತೈಬಿಯ ಕಾರು ಬಂದು ನಿಂತಿತು. ಹಾಜ್ ತಾವೇ ಡಿಕ್ಕಿ ತೆಗೆದು ಐದು ಕಿಲೋದ ಉಪ್ಪಿನ ಚೀಲ ಎತ್ತಿಕೊಂಡರು. ಬಾಯಲ್ಲೇ ಏನೋ ಪಠಿಸುತ್ತಾ, ಕೆಂಪು ಗೂಟದ ಸುತ್ತ ಚೀಲವನ್ನು ಪೂರ್ತಿ ಸುರಿದು, ಕೊನೆಗೆ ಚೀಲವನ್ನು ಕೊಡವಿದರು.

"ಸಲಾಮ್ ಹಾಜ್," ಎಂದಳು ಖದ್ದೂಜಾ. ಅವಳ ಹಿಂದೆ ಏಳು ಜನ ಗಂಡಸರು ಒಬ್ಬೊಬ್ಬರಾಗಿ ಎದ್ದು ನಿಂತರು.

ಹಾಜ್‌ನ ಮುಖ ಚೀಲಕ್ಕಿಂತ ಬೆಳ್ಳಗಾಯಿತು. "ಇದು... ಹುಲ್ಲು ಬರಬಾರದು ಅಂತ..."

"ಮರಳಲ್ಲಿ ಹುಲ್ಲಾ? ನಿಮ್ಮ ಗಡ್ಡದಲ್ಲೂ ಬೆಳೆಯುತ್ತೆ ಹಾಗಾದ್ರೆ!" ಅವಳ ದನಿ ಇಡೀ ಮೈದಾನಕ್ಕೆ ಕೇಳುವಷ್ಟು ಏರಿತು. "ನನ್ನ ಒಂದು ಮುಷ್ಟಿ ಸಾಲಲ್ಲ ಅಂದ್ರಲ್ಲ ನಿನ್ನೆ? ಉಳಿದದ್ದು ಇಲ್ಲಿದೆ, ನೋಡಿ, ನಿಂತಿದೆ ಸಾಲಾಗಿ! ನನ್ನ ಕುದುರೆ ಸತ್ತಾಗ ನಿಮ್ಮಲ್ಲಿ ಒಬ್ಬರು ಬಾಯಿ ಬಿಡ್ಲಿಲ್ಲ. ನನ್ನ ಹುಡುಗ ಬಿದ್ದಾಗ ಅವನ ತಪ್ಪು ಅಂದ್ರಿ. ನಿಮಗೆಲ್ಲಾ ಭಯ ಇತ್ತು. ಇದ್ದದ್ದು ತಪ್ಪಲ್ಲ, ನಂಗೂ ಇತ್ತು. ನಾನು ಒಂಬತ್ತು ಜನರ ಮುಂದೆ ನಿಂತು ಹೇಳಿದೆ. ನೀವು ಉಪ್ಪು ಜೇಬಲ್ಲಿಟ್ಕೊಂಡು ನಕ್ಕಿರಿ! ಉಪ್ಪು ತಿಂದೋರು ನೀರು ಕುಡೀಲೇಬೇಕು, ಹಾಜ್. ಬರೀರಿ ಈಗ."

"ಏನು ಬರೆಯೋದು?"

"ನಿಮ್ಮ ಕಾರ್ಯದರ್ಶಿ ಇದಾರಲ್ಲ, ಅಕ್ಷರ ಚೆನ್ನಾಗಿದೆ ಅವರದ್ದು. ನೆಲ ಒಣಗಿತ್ತು ಅಂತ ಬರೀಲಿ. ಹುಡುಗಂದು ತಪ್ಪಿಲ್ಲ ಅಂತ ಬರೀಲಿ. ಉಪ್ಪು ಹಾಕಿದೋರ ಹೆಸರೆಲ್ಲಾ ಬರೀಲಿ. ನಂದು ಮೊದಲು."

ಕಾರ್ಯದರ್ಶಿ ಅಧ್ಯಕ್ಷರ ಮುಖ ನೋಡಿದ. ಅಧ್ಯಕ್ಷರು ಜೇಬಿನಲ್ಲಿ ಜಪಮಾಲೆ ಹುಡುಕಿದರು, ಸಿಗಲಿಲ್ಲ. "ಹೆಸರುಗಳು ಬೇಡ," ಎಂದರು ತಗ್ಗಿದ ದನಿಯಲ್ಲಿ. "ಹುಡುಗ ಸವಾರಿ ಮಾಡ್ಲಿ."

"ಹೆಸರುಗಳು ಬೇಕು," ಎಂದಳು ಖದ್ದೂಜಾ.

ಕಾರಿನ ಬಾನೆಟ್ಟಿನ ಮೇಲೆ ಕಾಗದ ಹರಡಿ ಬರೆದದ್ದಾಯಿತು. ಅವಳಿಗೆ ಓದಲು ಬರುತ್ತಿರಲಿಲ್ಲ. ಇದ್ರೀಸ್ ಎರಡು ಸಲ ಓದಿ ಹೇಳಿದ ಮೇಲೆ ಹೆಬ್ಬೆರಳು ಒತ್ತಿದಳು. ಉಳಿದವರು ಸಹಿ ಹಾಕಿದರು, ಕಡೆಗೆ ಹಾಜ್ ಕೂಡ. ಆಮೇಲೆ ಅವಳು ಟ್ಯಾಂಕರಿನಿಂದ ಸಲಿಕೆ ತೆಗೆದು, ಮಾತಿಲ್ಲದೆ ಹಾಜ್‌ನ ಕೈಗಿಟ್ಟಳು. ಉಪ್ಪು ಮರಳನ್ನು ಮೊಣಕಾಲುದ್ದ ಅಗೆದು ಹೊರಹಾಕುವಷ್ಟರಲ್ಲಿ ಬಿಳಿ ಜೆಲ್ಲಾಬದ ಬೆನ್ನು ಬೆವರಿನಲ್ಲಿ ತೊಯ್ದಿತ್ತು. ಹೊಸ ಮರಳು ತುಂಬಿದರು. ಬೂಆಝಾ ಟ್ಯಾಂಕರಿನ ನಲ್ಲಿ ತಿರುಗಿಸುವ ಮೊದಲು ಅವಳ ಬಳಿಗೆ ಬಂದು ಪಿಸುಗುಟ್ಟಿದ.

"ಖಾಲ್ತಿ, ಉಪ್ಪೇ ಇಲ್ದೆ ಬಿಟ್ರೆ... ಅವರು ಬರಲ್ವಾ?"

"ಬರ್ಲಿ," ಎಂದಳು. "ನನ್ನ ಹತ್ರ ಮಾತಾಡ್ಲಿ."

ಮನೆಗೆ ಬಂದಾಗ ಹಮ್ಮಾದಿ ಲಾಯದ ಬಾಗಿಲಲ್ಲಿ ಕೂತು, ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಇನ್ನೊಂದು ಕೈಯಿಂದ ಕುದುರೆಯ ಬಾಚಣಿಕೆಯಲ್ಲಿ ಸಿಕ್ಕ ಕೂದಲು ಬಿಡಿಸುತ್ತಿದ್ದ. ಖದ್ದೂಜಾ ಕಾಗದವನ್ನು ಅವನ ಮೊಣಕಾಲ ಮೇಲೆ ಎಸೆದಳು. ಅವನು ನಿಧಾನವಾಗಿ ಓದಿದ. ಮೊದಲ ಹೆಸರಿಗೆ ಬಂದಾಗ ಅವನ ಬೆರಳು ನಿಂತಿತು.

ಅವಳು ಅವನ ಮುಖ ನೋಡಲಾರದೆ ಕುದುರೆಯ ಕಡೆ ತಿರುಗಿದಳು. ಜೇಬಿನಲ್ಲಿ ಈ ಗುರುವಾರದ ಮುಷ್ಟಿ ಹಾಗೇ ಇತ್ತು.

"ಗಝಾಲಾಗೆ ಅಂತ ಹಾಕ್ತಿದ್ಯಾ ಖಾಲ್ತಿ?" ಎಂದು ಕೇಳಿದ ಹಮ್ಮಾದಿ.

"ಗಝಾಲಾಗೆ ಯಾಕೋ, ಮೂರ್ಖ?" ಅವಳು ಕಿರುಚಿದಳು. ಕುದುರೆ ಬೆಚ್ಚಿ ಕಿವಿ ನೆಟ್ಟಗೆ ಮಾಡಿತು. "ಅವಳು ಸತ್ತಾಗಿತ್ತು. ಪ್ರತಿ ಭಾನುವಾರ ಆ ತಿರುವಲ್ಲಿ ಹೋಗ್ತಿದ್ದೋನು ನೀನು."